ಕೂಸಿನ ಕುತ್ತಿಗೆಯೂ ಸನ್ನೆಗೋಲಿನ ನಿಯಮವೂ

ಸನ್ನೆಗೋಲಿನ ನಿಯಮವನ್ನು ಪ್ರತಿವರ್ಷವೂ ತರಗತಿಯಲ್ಲಿ ಹೇಳುತ್ತ ಬಂದಿದ್ದೇನೆ. ಅದೇ ನಿಯಮವು ಮನೆಯ ಪಡಸಾಲೆಯಲ್ಲಿ ನನ್ನ ಎದುರಿಗೆ ಬಂದು ನಿಂತೀತೆಂದು ಎಣಿಸಿರಲಿಲ್ಲ. ಬಾಣಂತನಕ್ಕಾಗಿ ಬ್ಯಾಡಗಿಯ ತವರಿನಲ್ಲಿದ್ದ ಹೆಂಡತಿಯನ್ನೂ ಆರು ವಾರದ ಮಗಳನ್ನೂ ನೋಡಲು ಒಂದು ಶನಿವಾರ ಸಂಜೆ ರಾಣೆಬೆನ್ನೂರಿನಿಂದ ಹೋದೆ. ಎಚ್ಚರವಾಗಿದ್ದ ಕೂಸನ್ನು ಕೌದಿಯ ಮೇಲೆ ಬೋರಲು ಮಲಗಿಸಿದೆನೋ ಇಲ್ಲವೋ, ಅತ್ತೆಯವರು ಗಾಬರಿಯಿಂದ ಓಡಿಬಂದರು. “ಇನ್ನೂ ಕುತ್ತಿಗಿ ನಿಂತಿಲ್ರೀ, ಡಬ್ಬ ಹಾಕಬ್ಯಾಡ್ರಿ!” ಎಂದು ಎತ್ತಿಕೊಂಡರು. ನಾನು ಸುಮ್ಮನಾದೆ.

ಮರುದಿನ ಬೆಳಿಗ್ಗೆ ಎರೆಯಲು ಬಂದ ಅಜ್ಜಿಯವರು ಬಚ್ಚಲಲ್ಲಿ ಮಣೆಯ ಮೇಲೆ ಕುಳಿತು, ಕಾಲು ನೀಡಿಕೊಂಡು, ಅದೇ ಕೂಸನ್ನು ಕಾಲುಗಳ ಮೇಲೆ ಬೋರಲು ಹಾಕಿ ಬೆನ್ನಿಗೆ ಎಣ್ಣೆ ಹಚ್ಚತೊಡಗಿದರು. ಕೂಸು ತಲೆಯನ್ನು ತುಸು ಎತ್ತಿ, ಅತ್ತಿತ್ತ ತೂಗಿ, ಮತ್ತೆ ಇಳಿಸಿತು. ಅತ್ತೆಯವರು ಪಕ್ಕದಲ್ಲಿಯೇ ನಿಂತು ಬಿಸಿನೀರು ತೋಡಿಕೊಡುತ್ತಿದ್ದರು. ಆಗ ಗಾಬರಿಯೇನೂ ಇರಲಿಲ್ಲ!

ನಮ್ಮ ಹಿರಿಯರ ಕೈಗೆ ತಿಳಿದಿರುವ ಸಂಗತಿ ಅವರ ಮಾತಿನಲ್ಲಿ ಬಂದಿಲ್ಲ. ಕುತ್ತಿಗೆ ನಿಂತ ಮೇಲೆಯೇ ಬೋರಲು ಹಾಕಬೇಕೆಂಬುದು ಈಜು ಕಲಿತ ಮೇಲೆಯೇ ನೀರಿಗಿಳಿಯಬೇಕೆಂದಂತೆ. ಹೀಗೇಕೆಂಬುದನ್ನು ವಿಚಾರಿಸೋಣ.

ವಯಸ್ಕರ ತಲೆಯು ದೇಹದ ಎತ್ತರದಲ್ಲಿ ಸುಮಾರು ಎಂಟರಲ್ಲೊಂದು ಪಾಲು. ಹಸುಳೆಯಲ್ಲಿಯಾದರೋ ಅದು ನಾಲ್ಕರಲ್ಲೊಂದು ಪಾಲು. ಇಷ್ಟು ದೊಡ್ಡ ತಲೆಯನ್ನು ಎಳೆಯ ಕುತ್ತಿಗೆ ಹೊರಬೇಕು. ಕುತ್ತಿಗೆಯ ಕೀಲು ಇಲ್ಲಿ ಸನ್ನೆಗೋಲಿನ ಆಧಾರಬಿಂದು. ತಲೆಯ ತೂಕವು ಭಾರ. ಹಿಂಗತ್ತಿನ ಸ್ನಾಯುಗಳ ಎಳೆತವೇ ಬಲ. ಲೆಕ್ಕಕ್ಕಾಗಿ ತಲೆಯ ತೂಕ 10 ನ್ಯೂಟನ್, ಅದರ ಗುರುತ್ವಕೇಂದ್ರವು ಕೀಲಿನಿಂದ 6 ಸೆಂಟಿಮೀಟರ್, ಸ್ನಾಯುವು 2 ಸೆಂಟಿಮೀಟರ್ ದೂರದಲ್ಲಿವೆಯೆಂದು ಇಟ್ಟುಕೊಳ್ಳಿ. ಆಗ ಸ್ನಾಯುವು 30 ನ್ಯೂಟನ್ ಬಲದಿಂದ ಎಳೆಯಬೇಕು. ಎಂದರೆ ತಲೆಯ ತೂಕದ ಮೂರು ಪಟ್ಟು. ಅಂಗಾತ ಮಲಗಿದಾಗ ತಲೆಯ ಭಾರವನ್ನೆಲ್ಲ ಹಾಸಿಗೆಯೇ ಹೊರುತ್ತದೆ. ಈ ಸ್ನಾಯುಗಳಿಗೆ ಕೆಲಸವೇ ಇಲ್ಲ. ಕೆಲಸವಿಲ್ಲದ ಸ್ನಾಯು ಬಲಿಯುವುದಾದರೂ ಹೇಗೆ?

ಮೇಲಿನ ಲೆಕ್ಕದಲ್ಲಿಯೇ ಇನ್ನೊಂದು ಉಪಾಯವೂ ಅಡಗಿದೆ. ಭಾರದ ಪರಿಣಾಮವು ಇಳಿಜಾರಿನ ಕೋನದ ಕೋಸೈನಿಗೆ ಅನುಗುಣವಾಗಿರುತ್ತದೆ. ತಾಯಿಯೋ ತಂದೆಯೋ 60 ಡಿಗ್ರಿಯಷ್ಟು ಒರಗಿ ಕುಳಿತು ಕೂಸನ್ನು ಎದೆಯ ಮೇಲೆ ಬೋರಲು ಮಲಗಿಸಿಕೊಂಡರೆ ಕುತ್ತಿಗೆಯ ಶ್ರಮ ಅರ್ಧಕ್ಕಿಳಿಯುತ್ತದೆ. ಆದುದರಿಂದ ಮೊದಲು ಎದೆಯ ಮೇಲೆ, ಅನಂತರ ತೊಡೆಯ ಮೇಲೆ, ಆಮೇಲೆ ನೆಲಕ್ಕೆ ಹಾಸಿದ ಕೌದಿಯ ಮೇಲೆ, ಹೀಗೆ ಕ್ರಮವಾಗಿ ಸಾಗಬೇಕು. ಹುಟ್ಟಿದ ಮೊದಲ ದಿನಗಳಿಂದಲೇ ಹೀಗೆ ಆರಂಭಿಸಬಹುದೆಂದು ಹಾವೇರಿಯ ಮಕ್ಕಳ ವೈದ್ಯರೊಬ್ಬರು ನಮಗೆ ಹೇಳಿದರು. ಅವಧಿಗೆ ಮುನ್ನ ಹುಟ್ಟಿದ ಕೂಸಾದರೆ ಮಾತ್ರ ವೈದ್ಯರನ್ನು ಕೇಳಿಯೇ ಮುಂದುವರಿಯಬೇಕು.

ಇಲ್ಲಿ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕಾಗಿದೆ. ಬೋರಲು ಆಟಕ್ಕೆ, ಅಂಗಾತ ನಿದ್ರೆಗೆ. ಹಸುಳೆಗಳನ್ನು ಬೋರಲು ಮಲಗಿಸಿ ನಿದ್ರೆಗೊಳಿಸಬಾರದೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು 1992ರಲ್ಲಿ ಸಲಹೆಯಿತ್ತಿತು. 1994ರಲ್ಲಿ ಅಲ್ಲಿ ದೇಶವ್ಯಾಪಿ ಪ್ರಚಾರವೂ ನಡೆಯಿತು. ನಿದ್ರೆಯಲ್ಲಿ ಹಠಾತ್ತಾಗಿ ಸಾಯುವ ಕೂಸುಗಳ ಪ್ರಮಾಣವು ಮುಂದಿನ ವರ್ಷಗಳಲ್ಲಿ ಸುಮಾರು ಅರ್ಧಕ್ಕಿಳಿಯಿತು. ಆದರೆ ಸದಾ ಅಂಗಾತವೇ ಇದ್ದ ಕೂಸುಗಳಲ್ಲಿ ಹಿಂದಲೆ ಚಪ್ಪಟೆಯಾಗುವುದು ಹೆಚ್ಚಾಗಿ ಕಂಡುಬಂದಿತು. ಎಚ್ಚರವಿರುವಾಗ ಬೋರಲು ಮಲಗಿಸುವ ಅಭ್ಯಾಸಕ್ಕೆ ಹೊಸ ಮಹತ್ವ ಬಂದುದು ಈ ಕಾರಣದಿಂದ. ಇನ್ನೂ ಹರಿದಾಡಲಾರದ ಕೂಸಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಇದು ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಹೇಳಿತು. ಹಾಲು ಕುಡಿದ ಕೂಡಲೇ ಬೇಡ. ಮೆತ್ತನೆಯ ಹಾಸಿಗೆಯೂ ಬೇಡ. ಹಿರಿಯರೊಬ್ಬರ ಕಣ್ಣು ಕೂಸಿನ ಮೇಲಿರಬೇಕು. ದಣಿದು ಅತ್ತರೆ ಎತ್ತಿಕೊಳ್ಳಬೇಕು.

ಹಾಗಾದರೆ ಹಳೆಯ ಪದ್ಧತಿಯೆಲ್ಲವೂ ಸರಿಯೇ? ಅಲ್ಲ. ಎರೆಯುವಾಗ ಬೋರಲು ಹಾಕುವ ರೂಢಿ ಉಳಿಯಲಿ. ಮೂಗು ಕಿವಿಗಳಿಗೆ ಎಣ್ಣೆ ಬಿಡುವುದು, ಕಾಲು ಹಿಡಿದು ತಲೆಕೆಳಗಾಗಿ ತೂಗುವುದು ನಿಲ್ಲಲಿ. ಹಳೆಯದೆಂದು ಬಿಡುವುದೂ ತಪ್ಪು, ಹಳೆಯದೆಂದು ಹಿಡಿದುಕೊಳ್ಳುವುದೂ ತಪ್ಪು.

ಅಂಗಡಿಯ ದುಬಾರಿ ಸಾಧನಗಳು ಇದಕ್ಕೆ ಬೇಕಿಲ್ಲ. ಬ್ಯಾಡಗಿಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸಿ ದುಡಿಯುವ ತಾಯಂದಿರನ್ನು ನೆನೆಯಿರಿ. ಸೀರೆಯ ಜೋಳಿಗೆಯಲ್ಲಿ ಕೂಸು ದಿನವಿಡೀ ಬಾಗಿಯೇ ಮಲಗಿರುತ್ತದೆ. ಅರ್ಧ ಗಂಟೆಯ ಬಿಡುವು ಆ ತಾಯಿಗೆ ಸಿಕ್ಕದು. ಮೂರು ಮೂರು ನಿಮಿಷದ ಹತ್ತು ಕಂತುಗಳು ಸಿಕ್ಕಾವು. ಖಾರದ ಅಂಶವು ನೀರಿನಲ್ಲಿ ಅಷ್ಟಾಗಿ ಕರಗದು, ಎಣ್ಣೆಯಲ್ಲಿ ಕರಗುವುದು. ಆದಕಾರಣ ಕೂಸನ್ನು ಮುಟ್ಟುವ ಮೊದಲು ಕೈಗೆ ಎಣ್ಣೆ ಸವರಿ, ಬಳಿಕ ಸಾಬೂನಿನಿಂದ ತೊಳೆಯಬೇಕು.

ಬೋರಲು ಹಾಕುವುದರಿಂದ ಇನ್ನೊಂದು ಪ್ರಯೋಜನವುಂಟು: ಕೂಸಿನ ಬೆಳವಣಿಗೆ ನಮ್ಮ ಕಣ್ಣಿಗೆ ಬೀಳುತ್ತದೆ. ಎರಡು ತಿಂಗಳಿಗೆ ತಲೆಯನ್ನು ತುಸು ಎತ್ತಿ ಹಿಡಿಯುವ ಕೂಸು, ನಾಲ್ಕು ತಿಂಗಳಿಗೆ ಮೊಣಕೈಯೂರಿ ಎದೆ ಎತ್ತುತ್ತದೆ. ಆಧಾರವಿಲ್ಲದೆ ತಲೆಯನ್ನು ಸ್ಥಿರವಾಗಿ ನಿಲ್ಲಿಸುತ್ತದೆ. ಹಾಗಾಗದಿದ್ದರೆ “ಮುಂದೆ ತಾನೇ ಸರಿಹೋದೀತು” ಎಂದು ಕಾಯದೆ ವೈದ್ಯರಿಗೆ ತೋರಿಸಬೇಕು. ಹೆರಿಗೆಯಾದ 42 ದಿನಗಳೊಳಗೆ ಆಶಾ ಕಾರ್ಯಕರ್ತೆಯರು ಹಲವು ಸಲ ಮನೆಗೆ ಬರುತ್ತಾರೆ; ಅವರನ್ನು ಕೇಳಲು ಸಂಕೋಚಬೇಡ.

ವಿದ್ಯಾರ್ಥಿಮಿತ್ರರೇ, ನಿಮ್ಮ ಅಕ್ಕನೋ ಅತ್ತಿಗೆಯೋ ಬಾಣಂತಿಯಾಗಿ ಮನೆಯಲ್ಲಿರಬಹುದು. ಪುಸ್ತಕವನ್ನು ಐದು ನಿಮಿಷ ಬದಿಗಿಟ್ಟು, ಕೌದಿಯ ಮೇಲಿನ ಕೂಸಿನ ಎದುರಿಗೆ ನೀವೂ ಬೋರಲು ಮಲಗಿ ಮಾತನಾಡಿಸಿರಿ. ನಿಮ್ಮ ಮುಖವನ್ನು ನೋಡಲೆಂದು ಅದು ತಲೆ ಎತ್ತುವುದು. ನಮ್ಮ ಮನೆಯಲ್ಲಿ ಈಗ ಆ ಕೆಲಸ ಅತ್ತೆಯವರದು. ಗಾಬರಿಗೊಂಡವರೇ ಈಗ ಕೂಸಿನ ಎದುರು ಕುಳಿತು ಗಿಲಕಿ ಆಡಿಸುತ್ತಾರೆ.