ಮನಿ ಚಿತ್ರಕ್ಕ ಮಂದಿ ಗಿರಣಿ ಬ್ಯಾಡ

ಜ್ವಾಳ ಬೀಸಿಸ್ಲಿಕ್ಕೆ ಹೋದ್ರ ನಮ್ಮ ಅವ್ವ ಗಿರಣಿ ಬಿಟ್ಟು ಕದಲತಿರಲಿಲ್ಲ. ಡಬ್ಬಿ ಇಟ್ಟು ಮನಿಗೆ ಬಂದ್ರ ಹಿಂದಿನವರ ಹಿಟ್ಟು ನಮ್ಮದರಾಗ ಕೂಡತದ, ರೊಟ್ಟಿ ರುಚಿ ಕೆಡತದ ಅಂತ ಅಕಿ ವಾದ. ಅಂಥಾ ಅವ್ವನ ಚಿತ್ರಾನ ನಮ್ಮ ಮನಿಯವರು ಈಗ ಯಾರ ಗಿರಣಿ, ಎಲ್ಲಿ ಗಿರಣಿ ಅಂತ ಸುದ್ದಾ ಕೇಳದ ಹಾಕಿ ಬರ್ತಾರ. ಇವತ್ತ ಅದಕ್ಕ ಜಗಳಾ ತಗೀಲಿಕ್ಕೇ ಕೂತೇನಿ.

ಆಗಿದ್ದು ಇಷ್ಟ. ಅವ್ವ ರೊಟ್ಟಿ ಬಡಿಯುವಾಗ ಸಾಲಾಗಿ 24 ಫೋಟೋ ಹೊಡದು, ಕೂಡಿಸಿ ಒಂದು ಜಿಫ್ ಮಾಡಿ ಇಟ್ಟಿದ್ದೆ. ಕೈ ತಿರಗತದ, ರೊಟ್ಟಿ ದೊಡ್ಡದಾಗತದ, ಮತ್ತ ಮೊದಲಿಂದ. ಅಕಿ ಅಲುಗಾಡೋ ಚಿತ್ರ ಅಂತ ನಮ್ಮ ಕಡೆ ಇರೋದು ಇದೊಂದ. ವರ್ಷಾಂತಕ್ಕ ಮನಿ ಗ್ರೂಪಿನಾಗ ಸ್ಟಿಕರ್ ಮಾಡಿ ಹಾಕ್ತೇನಿ ಅಂತ ನಮ್ಮ ಅಣ್ಣನ ಮಗ ಅದನ್ನ ಯಾವುದೋ ಒಂದು ವೆಬ್‌ಸೈಟಿಗೆ ಏರಿಸಿದಾ. ಅಲ್ಲಿಂದ ಬಂದದ್ದರಾಗ ಅವ್ವನ ಕೈ ಮ್ಯಾಲ ಆ ಸೈಟಿನ ಹೆಸರಿನ ಶಿಕ್ಕಾ. ಒಮ್ಮೆ ತಿರಗಿ ಕೈ ಗಾಳಿಯಾಗ ನಿಂತು ಬಿಡ್ತು. ಮೂಲ ಜಿಫ್ ಎಲ್ಲಿ ಅಂದ್ರ, ಜಾಗಾ ಇರಲಿಲ್ಲ ಅಂತ ಫೋನಿನಿಂದ ಅಳಿಸಿದ್ದಾ.

"ಅತ್ತಿ, ಫ್ರೀ ಇತ್ತು" ಅಂದಾ.

ನನ್ನ ಪೆನ್‌ಡ್ರೈವಿನಾಗ ಒಂದು ಪ್ರತಿ ಇತ್ತು, ಬಚಾವ್. ಖರೇ ಎಷ್ಟು ಮನ್ಯಾಗ ಇರತದ ಹೇಳ್ರಿ?

ಒಂದು ಮಾತು ಮೊದಲ ತಿಳ್ಕೋರಿ. ಫಾರ್ಮ್ಯಾಟ್ ಬದಲಿಸೂದು ಅಂದ್ರ ಈ ಡಬ್ಬಿಯಿಂದ ಆ ಡಬ್ಬಿಗೆ ಸುರುವೂದಲ್ಲ, ಬೀಸೂದು. ಜಿಫ್ ಹುಟ್ಟಿದ್ದು 1987ರಾಗ. ಒಂದು ಫ್ರೇಮಿಗೆ ಹೆಚ್ಚಂದ್ರ 256 ಬಣ್ಣ, ಪಾರದರ್ಶಕ ಅಂದ್ರ ಇದ್ರ ಪೂರ್ತಿ, ಇಲ್ಲಾಂದ್ರ ಇಲ್ಲ. ವೆಬ್‌ಪಿ ಗೂಗಲ್ 2010ರಾಗ ತಂದದ್ದು, ಬಣ್ಣಕ್ಕ ಬಡತನ ಇಲ್ಲ, ಸಣ್ಣದೂ ಆಗತದ. ಆದ್ರ ಲಾಸಿ ಅನ್ನೋ ರೀತಿಲೆ ಒತ್ತಿದ್ರ ಕಣ್ಣಿಗೆ ಕಾಣಸದಂಗ ಒಂದಿಷ್ಟು ಒಗದಿರತದ. ಅದನ್ನ ಮತ್ತ ಜಿಫ್ ಮಾಡಿದ್ರ ಒಗದದ್ದು ತಿರಗಿ ಬರೂದಿಲ್ಲ. ಹಿಟ್ಟು ಮತ್ತ ಜ್ವಾಳ ಆಗೇದೇನು? ವಾಟ್ಸಾಪಿನಾಗ ಜಿಫ್ ಅಂತ ಕಳಸಿದ್ದು ಸುದ್ದಾ ಒಳಗ ಎಂಪಿ4 ವಿಡಿಯೋ ಆಗಿ ಹೋಗತದ. ಗ್ರೂಪಿನಾಗ ಅದ ಅಲ್ಲ ಅಂತ ಮೂಲ ಅಳಿಸಬ್ಯಾಡ್ರಿ. ಮೂಲಾನ ಕಳಸೂದಿದ್ರ ಡಾಕ್ಯುಮೆಂಟ್ ಅಂತ ಕಳಸ್ರಿ.

ಈಗ ಮನ್ಯಾಗ ಬೀಸೂದು. ಉಬುಂಟುದಾಗ ವೆಬ್‌ಪಿ ಅನ್ನೋ ಪ್ಯಾಕೇಜ್ ಹಾಕಿದ್ರ ಜಿಫ್‌ಟುವೆಬ್‌ಪಿ ಅನ್ನೋ ಪ್ರೋಗ್ರಾಮ್ ಬರತದ, ನಡುವಿನ ಟು ಅಂಕಿ 2. ಟರ್ಮಿನಲ್ಲಿನಾಗ ಅದರ ಹೆಸರು, ಆಮ್ಯಾಲ ನಿಮ್ಮ ಜಿಫಿನ ಹೆಸರು, ಮೈನಸ್ ಓ, ಹೊಸಾ ಫೈಲಿನ ಹೆಸರು. ಎಂಟರ್. ಮುಗೀತು. ಸುಮ್ನ ಬಿಟ್ರ ಅದು ಏನೂ ಒಗಿಯೂದಿಲ್ಲ. ಸಣ್ಣದು ಬೇಕು ಅಂದ್ರ ನೀವs ಮೈನಸ್ ಲಾಸಿ ಅಂತ ಬರೀಬೇಕು. ಒಗಿಯೂದು ನಿಮ್ಮ ಕೈಯಾಗ ಅದ, ಸೈಟಿನವನ ಕೈಯಾಗಲ್ಲ.

ವಾಟ್ಸಾಪ್ ಸ್ಟಿಕರ್‌ಗೆ 512 ಪಿಕ್ಸೆಲ್ ಉದ್ದ, 512 ಅಗಲ ಬೇಕು, 500 ಕೆಬಿ ಒಳಗ ಇರಬೇಕು. ಅಳತಿ ಬದಲಿಸೂದಿದ್ರ ಎಫ್‌ಎಫ್‌ಎಂಪೆಗ್ ಬೇಕು. ಅದರಾಗ ಒಂದು ಸೊನ್ನಿ ಮರೀಬ್ಯಾಡ್ರಿ: ಮೈನಸ್ ಲೂಪ್, ಸೊನ್ನಿ. ಹಂಗಂದ್ರ ನಿಲ್ಲದ ತಿರಗು ಅಂತ. ವೆಬ್‌ಪಿ ಮಾಡುವಾಗ ನೀವು ಹೇಳದಿದ್ರ ಅದು ಒಂದ ಸಲ ಅಂತ ಹಿಡೀತದ. ಅವ್ವನ ಕೈ ಗಾಳಿಯಾಗ ನಿಂತದ್ದು ಹಿಂಗ ಯಾವುದೋ ಸೊನ್ನಿ ತಪ್ಪಿದ್ದಕ್ಕs ಇರಬೇಕು. ಸೈಟಿನಾಗ ಆ ಸೊನ್ನಿ ಹಾಕ್ಲಿಕ್ಕೆ ಅವಂಗ ಜಾಗಾನೂ ಕಾಣಸಲಿಲ್ಲ.

"ಇದೆಲ್ಲಾ ಇಂಜಿನಿಯರ್ ಮಂದಿ ಕೆಲಸ ಅತ್ತಿ, ನಮಗ್ಯಾಕ?" ಅಂತಾನ. ಯಾಕಪ್ಪಾ? ಸೈಟಿನಾಗ ನಾಕು ಡೌನ್‌ಲೋಡ್ ಬಟನ್ ಇರತಾವ, ಮೂರು ಜಾಹೀರಾತು, ಅದರಾಗ ಖರೇದು ಯಾವುದು ಅಂತ ಹುಡುಕೂದು ನಿನಗ ಬರತದ. ಒಂದು ಸಾಲು ಬರಿಯೂದು ಬರೂದಿಲ್ಲೇನು? ಸೈಟಿನ ಬಟನ್ ನಾಳೆ ಜಾಗಾ ಬದಲಿಸತಾವ. ಆ ಸಾಲು ಮುಂದಿನ ವರ್ಷಾನೂ ಹಂಗs ಇರತದ. ನಲವತ್ತು ಜಿಫ್ ಇದ್ರೂ ಒಂದು ಸಾಲಿನಾಗ ಸುತ್ತು ಹಾಕಿಸಬಹುದು.

ಎಲ್ಲಾ ಸೈಟೂ ಕಳ್ಳರದು ಅಂತ ನಾ ಅನ್ನೂದಿಲ್ಲ. ಕೆಲವು ನಿಮ್ಮ ಬ್ರೌಸರಿನೊಳಗs ಕೆಲಸ ಮುಗಸತಾವ, ಚಿತ್ರ ಹೊರಗ ಹೋಗೂದಿಲ್ಲ. ಪರೀಕ್ಷಾ ಸರಳ ಅದ: ಪೇಜ್ ತಗದ ಮ್ಯಾಲ ಇಂಟರ್ನೆಟ್ ಬಂದ್ ಮಾಡಿ ಚಿತ್ರ ಹಾಕ್ರಿ. ಆಗಲಿಲ್ಲಾ, ಅದು ಮಂದಿ ಗಿರಣಿ. ಕೂಸಿನ ಎಣ್ಣಿ ಸ್ನಾನದ್ದು, ಅಜ್ಜನ ದವಾಖಾನಿದು ಅಲ್ಲಿ ಹಾಕಬ್ಯಾಡ್ರಿ. ಒಂದು ತಾಸಿಗೆ ಅಳಸ್ತೇವಿ ಅಂತ ಬರದಿರತಾರ ಖರೇ, ಆದ್ರ ಅಳಿಸಿದ್ದು ನೋಡ್ಲಿಕ್ಕೆ ಅಲ್ಲಿ ನಿಮಗ ನಿಂದ್ರಲಿಕ್ಕೆ ಜಾಗಾ ಕೊಟ್ಟಾರೇನು?

ಟರ್ಮಿನಲ್ ಅಂದ್ರ ದೇವರೂ ಅಲ್ಲ. ನಾ ಮೊದಲ ಸಲ ಇಮೇಜ್‌ಮ್ಯಾಜಿಕಿನಾಗ ಅವ್ವನ ಜಿಫ್ ಸಣ್ಣದು ಮಾಡಿದಾಗ ಕೈ ಒಂದು ಕಡೆ, ರೊಟ್ಟಿ ಒಂದು ಕಡೆ ಆಗಿ ಎದಿ ಧಸಕ್ಕಂತು. ಜಿಫಿನಾಗ ಎಷ್ಟೋ ಸಲ ಮುಂದಿನ ಫ್ರೇಮಿಗೆ ಬದಲಾದ ತುಂಡು ಅಷ್ಟ ಇಟ್ಟಿರತಾರ. ಮೊದಲ ಮೈನಸ್ ಕೋಅಲೆಸ್ ಅಂತ ಹೇಳಿ ಪ್ರತಿ ಫ್ರೇಮ್ ಪೂರ್ತಿ ಮಾಡಿಸಬೇಕು, ಆಮ್ಯಾಲ ಅಳತಿ. ಅದರ ಬಳಗದ ಮೊಗ್ರಿಫೈ ಅಂತೂ ಅಳತಿ ಬದಲಿಸು ಅಂದ್ರ ಮೂಲ ಫೈಲಿನ ಮ್ಯಾಲನ ಬರೀತದ, ಕೇಳೂದಿಲ್ಲ. ಅದಕ್ಕ ಯಾವಾಗ್ಲೂ ಪ್ರತಿ ತಗದು ಪ್ರತಿ ಮ್ಯಾಲ ಕೆಲಸ ಮಾಡ್ರಿ. ತಪ್ಪಿದ್ರ ನಿಮ್ಮ ಕಣ್ಣ ಮುಂದನ ತಪ್ಪತದ, ಮತ್ತ ಮಾಡಬಹುದು.

ಕಡಿಕ ಅಣ್ಣನ ಮಗನ್ನ ಕೂಡಿಸಿಕೊಂಡು ಪೆನ್‌ಡ್ರೈವಿನ ಪ್ರತಿಯಿಂದ ಮತ್ತ ಮಾಡಿಸಿದೆ. ಸೊನ್ನಿ ಅವನ ಕೈಲೆನ ಹಾಕಿಸಿದೆ. ಮಸಾಲಿ ಖಾರದ ಅಳತಿ ಬರದಿಟ್ಟ ನೋಟ್‌ಬುಕ್ಕಿನಾಗ, ಅದರ ಕೆಳಗ, ಆ ಎರಡು ಸಾಲೂ ಬರಸೇನಿ. ನೀವೂ ಬರದಿಡ್ರಿ. ಬರದಿಡೂದಕಿಂತ ಮೊದಲ, ಇವತ್ತ ರಾತ್ರಿನ, ನಿಮ್ಮ ಮನಿ ಮೂಲ ಚಿತ್ರಗಳ ಒಂದು ಪ್ರತಿ ಬ್ಯಾರೆ ಕಡೆ ಇಡ್ರಿ. ಬೀಜದ ಜ್ವಾಳ ಯಾರೂ ಗಿರಣಿಗೆ ಒಯ್ಯೂದಿಲ್ಲ.