ಮಾವನವರ ಓಟ, ಸಾರಿನ ತಳದ ಬೇಳೆ

ಹಾಸನದ ಕಡೆಯ ಸೋದರಿಯೊಬ್ಬರು ಬರೆದಿದ್ದಾರೆ: “ನಮ್ಮ ಮಾವನವರಿಗೆ 67 ವರ್ಷ. ರಿಟೈರಾದ ಮೇಲೆ ಓಟದ ಹುಚ್ಚು ಹತ್ತಿದೆ. ವಾರಕ್ಕೆ ನಾಲ್ಕು ದಿನ ಹತ್ತು ಕಿಲೋಮೀಟರು ಓಡ್ತಾರೆ. ಈಚೆಗೆ ತೊಡೆ ಸೊರಗಿದೆ, ಮೆಟ್ಟಿಲು ಹತ್ತುವಾಗ ಕಾಲು ನಡುಗುತ್ತೆ. ಡಾಕ್ಟರು ಪರೀಕ್ಷೆ ಮಾಡಿ, ಕಾಯಿಲೆ ಏನೂ ಇಲ್ಲ ಅಂದರು. ವಯಸ್ಸಾದವರಿಗೆ ಅನ್ನ, ತಿಳಿಸಾರು ಸಾಕು ಅಂತಾರೆ ಅತ್ತೆ. ಓಟ ಬಿಡಿಸಿಬಿಡೋಣವೇ?”

ಬಿಡಿಸಬೇಡಿ ಕಣಮ್ಮ. ಮೊದಲು ಅವರ ತಟ್ಟೆ ನೋಡಿ. ಮೇಲಿನ ತಿಳಿ ಬಡಿಸಿ, ಬೇಳೆಯನ್ನು ಪಾತ್ರೆಯ ತಳದಲ್ಲೇ ಬಿಡ್ತೀರಲ್ಲವೇ? ಮಾಂಸಖಂಡ ಕಟ್ಟುವ ಸಸಾರಜನಕ, ಅಂದರೆ ಪ್ರೋಟೀನು, ಇರುವುದು ಆ ತಳದಲ್ಲೇ!

ವಯಸ್ಸಾದಂತೆ ಮಾಂಸಖಂಡ ತಾನಾಗಿಯೇ ಕರಗುತ್ತದೆ. ತಿಂದ ಪ್ರೋಟೀನನ್ನು ಬಳಸಿಕೊಳ್ಳುವ ಚುರುಕೂ ತಗ್ಗುತ್ತದೆ. ಆದ್ದರಿಂದ ಹಿರಿಯರಿಗೆ ಬೇಕಾದದ್ದು ಕಡಿಮೆಯಲ್ಲ, ಹೆಚ್ಚು. ಸಾಧಾರಣ ವಯಸ್ಕರಿಗೆ ಮೈತೂಕದ ಕಿಲೋ ಒಂದಕ್ಕೆ ದಿನಕ್ಕೆ 0.83 ಗ್ರಾಂ ಎಂಬುದು ನಮ್ಮ ದೇಶದ 2020ರ ಲೆಕ್ಕ. ಓಡುವ ಹಿರಿಯರಿಗೆ 1.2 ಗ್ರಾಮಾದರೂ ಬೇಕೆನ್ನುತ್ತಾರೆ ತಜ್ಞರು. ಮಾವನವರು 60 ಕಿಲೋ ಇದ್ದರೆ 72 ಗ್ರಾಂ ಆಯಿತು. ಅದನ್ನು ಒಂದೇ ಹೊತ್ತಿಗೆ ತುಂಬದೆ, ಮೂರು ಹೊತ್ತಿಗೂ ಹಂಚಬೇಕು.

ಡಬ್ಬದ ಪುಡಿಯೇ ಬೇಕೆಂದೇನಿಲ್ಲ. ಓಡಿ ಬಂದ ಮೇಲೆ ಒಂದು ಲೋಟ ಹಾಲು (6 ಗ್ರಾಂ), ಒಂದು ಹಿಡಿ ಹುರಿದ ಕಡಲೆಕಾಯಿ ಬೀಜ (7), ಮೊಳಕೆ ಹೆಸರುಕಾಳಿನ ಉಸಲಿ (30 ಗ್ರಾಂ ಒಣಕಾಳಿಗೆ 7). ಮಧ್ಯಾಹ್ನ 100 ಗ್ರಾಂ ಹಿಟ್ಟಿನ ರಾಗಿಮುದ್ದೆ (7), 40 ಗ್ರಾಂ ಕಾಳಿನ ಗಟ್ಟಿ ಹುರುಳಿಸಾರು (9), ಒಂದು ಬಟ್ಟಲು ಮೊಸರು (5). ಸಂಜೆ ಹಿಡಿ ಹುರಿಗಡಲೆ (6), ಇನ್ನೊಂದು ಲೋಟ ಹಾಲು (6). ರಾತ್ರಿ ಎರಡು ಚಪಾತಿ (7), 40 ಗ್ರಾಂ ತೊಗರಿಬೇಳೆಯ ಗಟ್ಟಿ ತೊವ್ವೆ (9), ಸ್ವಲ್ಪ ಮೊಸರು (3). ಕೂಡಿಸಿ ನೋಡಿ, 72 ಆಗುತ್ತೆ! ಮೊಟ್ಟೆ ತಿನ್ನುವ ಮನೆಯಾದರೆ ಒಂದು ಲೋಟ ಹಾಲಿನ ಬದಲು ಒಂದು ಮೊಟ್ಟೆ ಕೊಡಬಹುದು. ರಾಗಿ, ಗೋಧಿಯಲ್ಲಿರುವ ಕೊರತೆಯನ್ನು ಕಾಳು ತುಂಬುತ್ತದೆ; ಕಾಳಿನ ಕೊರತೆಯನ್ನು ಅವು ತುಂಬುತ್ತವೆ.

ಸಸ್ಯಾಹಾರದಲ್ಲಿ ಶಕ್ತಿ ಎಲ್ಲಿಂದ ಬರಬೇಕು ಅಂತ ಅತ್ತೆ ಕೇಳಿದರೆ ಪಂಜಾಬಿನ ಫೌಜಾ ಸಿಂಗರ ಕಥೆ ಹೇಳಿ. ಪಾಸ್‌ಪೋರ್ಟಿನ ಪ್ರಕಾರ 1911ರಲ್ಲಿ ಹುಟ್ಟಿದ ಅವರು 2000ದಲ್ಲಿ ಲಂಡನ್ ಮ್ಯಾರಥಾನ್ ಓಡಿದರು, 2011ರಲ್ಲಿ ಟೊರಾಂಟೋದಲ್ಲೂ ಓಡಿ ಮುಗಿಸಿದರು. ಅವರ ಊಟ ರೊಟ್ಟಿ, ಬೇಳೆ, ಸೊಪ್ಪು, ಹಾಲು, ಮೊಸರು.

ಎರಡು ಮಾತು ನೆನಪಿಡಿ. ಕಿಡ್ನಿ ತೊಂದರೆ ಇರುವವರಿಗೆ ಡಾಕ್ಟರನ್ನು ಕೇಳದೆ ಪ್ರೋಟೀನು ಹೆಚ್ಚಿಸಬಾರದು. ಇನ್ನು, ಬರೀ ಊಟದಿಂದ ತೊಡೆ ತುಂಬೋದಿಲ್ಲ. ಓಟವಿಲ್ಲದ ಎರಡು ದಿನ ಮಾವನವರು ಕುರ್ಚಿಯಿಂದ ಹತ್ತು ಹತ್ತು ಸಲ ಎದ್ದು ಕೂರಲಿ. ಜೊತೆಗೆ ಅತ್ತೆಯನ್ನೂ ಕೂರಿಸಿ. ಸೌಟನ್ನು ತಳಕ್ಕೆ ಇಳಿಸಿ ಅವರ ತಟ್ಟೆಗೂ ಬೇಳೆ ಬಡಿಸಿ. ಅವರ ಕಾಲಿಗೂ ಬಲ ಬೇಕಲ್ಲವೇ?