ಗಂಟಿನಿಂದ ವರದಿಯವರೆಗಿನ ದಿನಗಳನ್ನು ಎಣಿಸಬೇಕು

ಎದೆಯಲ್ಲಿ ಗಂಟು ಇದೆಯೆಂದು ಹೆಚ್ಚಿನ ಹೆಣ್ಣುಮಕ್ಕಳಿಗೆ ಗೊತ್ತಾಗುವುದು ಜಳಕ ಮಾಡುವಾಗ. ಕೈಗೆ ಸಿಗುತ್ತದೆ, ಆದರೆ ನೋಯುವುದಿಲ್ಲ. ನೋವಿದ್ದಿದ್ದರೆ ಮರುದಿನವೇ ದವಾಖಾನೆಗೆ ಹೋಗುತ್ತಿದ್ದವಳು ನೋವಿಲ್ಲವೆಂಬ ಕಾರಣಕ್ಕೇ ಸುಮ್ಮನಾಗುತ್ತಾಳೆ. ಗದಗ ಜಿಲ್ಲೆಯ ಹೊಂಬಳದಂಥ ಊರಿನಲ್ಲಿ ಹೆಸರು ಬಿಡಿಸುವುದು ಮುಗಿಯಲಿ, ಉಳ್ಳಾಗಡ್ಡಿ ಕೀಳುವುದು ಮುಗಿಯಲಿ, ಹತ್ತಿ ಬಿಡಿಸುವುದು ಮುಗಿಯಲಿ ಎನ್ನುತ್ತಲೇ ವರ್ಷ ಉರುಳುತ್ತದೆ. ನಮ್ಮ ದೇಶದ ಹೆಂಗಸರಲ್ಲಿ ಅತಿ ಹೆಚ್ಚು ಕಾಣಿಸಿಕೊಳ್ಳುವ ಕ್ಯಾನ್ಸರ್ ಸ್ತನದ್ದು. 2022ರ ಅಂದಾಜಿನಂತೆ ಆ ಒಂದೇ ವರ್ಷ 1.92 ಲಕ್ಷ ಹೊಸ ಪ್ರಕರಣಗಳು, 98 ಸಾವಿರ ಸಾವುಗಳು. ಅಮೆರಿಕದಲ್ಲಿ ಈ ಕಾಯಿಲೆ ಬಂದ ನೂರು ಮಂದಿಯಲ್ಲಿ ಸುಮಾರು 90 ಮಂದಿ ಐದು ವರ್ಷದ ನಂತರವೂ ಬದುಕಿರುತ್ತಾರೆ, ಇಲ್ಲಿ 66 ಮಂದಿ. ಈ ಅಂತರಕ್ಕೆ ಔಷಧಿಯ ಕೊರತೆಯೂ ಒಂದು ಕಾರಣವೇ. ಆದರೆ ದೊಡ್ಡ ಕಾರಣ, ನಮ್ಮವರು ವೈದ್ಯರ ಮುಂದೆ ಬಂದು ನಿಲ್ಲುವ ಹೊತ್ತಿಗೆ ಗಂಟು ಕಂಕುಳಿಗೆ, ಚರ್ಮಕ್ಕೆ, ಕೆಲವೊಮ್ಮೆ ಎಲುಬಿಗೂ ಹಬ್ಬಿರುವುದು.

ಇದಕ್ಕೆ ಪರಿಹಾರವೆಂದರೆ ಎಲ್ಲರ ಬಾಯಲ್ಲೂ ಬರುವ ಮಾತು ಮ್ಯಾಮೊಗ್ರಫಿ. ಹಳ್ಳಿಹಳ್ಳಿಗೆ ಮ್ಯಾಮೊಗ್ರಫಿ ಬಸ್ಸು ಬರಲಿ, ಶಿಬಿರ ನಡೆಯಲಿ ಎಂದು ಪ್ರತಿ ಅಕ್ಟೋಬರ್‌ನಲ್ಲೂ ಕೇಳುತ್ತೇವೆ. ಬೇಡಿಕೆಯ ಹಿಂದಿನ ಕಾಳಜಿಯಲ್ಲಿ ಅನುಮಾನವಿಲ್ಲ. ಆದರೆ ಗದಗ ಜಿಲ್ಲೆಯ ಮಟ್ಟಿಗೆ ಈ ಕ್ರಮ ತಿರುವುಮುರುವಾಗಿದೆ ಎಂಬುದು ನನ್ನ ವಾದ. ಇಲ್ಲಿ ಮೊದಲು ಬೇಕಿರುವುದು ತರಬೇತಿ ಪಡೆದ ಕೈ. ಅದರ ಬೆನ್ನಿಗೇ ಸ್ಕ್ಯಾನಿಂಗ್, ಸೂಜಿ ಪರೀಕ್ಷೆ, ಪೆಥಾಲಜಿ ವರದಿ, ಇಷ್ಟೂ ಒಂದೇ ಸರಪಳಿಯಾಗಿ ಸಿಗಬೇಕು. ಈ ಸರಪಳಿಯ ಒಂದು ಕೊಂಡಿ ಕಳಚಿದ್ದರೂ ಶಿಬಿರದಲ್ಲಿ ತೆಗೆದ ಚಿತ್ರ ಕವರಿನೊಳಗೇ ಉಳಿಯುತ್ತದೆ.

ಮ್ಯಾಮೊಗ್ರಫಿ ಎಂದರೆ ಕಡಿಮೆ ಪ್ರಮಾಣದ ಎಕ್ಸ್‌ರೇ. ಸ್ತನವನ್ನು ಎರಡು ಫಲಕಗಳ ನಡುವೆ ಒತ್ತಿ ಹಿಡಿದು ತೆಗೆಯುವ ಚಿತ್ರದಲ್ಲಿ ಕೊಬ್ಬು ಕಪ್ಪಾಗಿ, ಗ್ರಂಥಿಯ ಭಾಗ ಬೆಳ್ಳಗೆ ಕಾಣುತ್ತದೆ. ಗಡ್ಡೆಯೂ ಬಿಳಿಯೇ. ವಯಸ್ಸಾದಂತೆ ಗ್ರಂಥಿ ಕರಗಿ ಕೊಬ್ಬು ಹೆಚ್ಚುವುದರಿಂದ ಐವತ್ತು ದಾಟಿದವರಲ್ಲಿ ಗಡ್ಡೆ ಎದ್ದು ಕಾಣುತ್ತದೆ. ಮೂವತ್ತೈದು ನಲವತ್ತರ ಹೆಂಗಸಿನ ಒತ್ತಾದ ಸ್ತನದಲ್ಲಿ ಅದನ್ನು ಗುರುತಿಸುವುದು ಅರಳಿದ ಹತ್ತಿ ಹೊಲದಲ್ಲಿ ಬೆಳ್ಳನೆಯ ಹರಳು ಹುಡುಕಿದಂತೆ. ನಮ್ಮಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ ಎಂಬುದನ್ನು ಇದರ ಜೊತೆಗಿಟ್ಟು ನೋಡಬೇಕು. ಇನ್ನೊಂದು ಲೆಕ್ಕವೂ ಇದೆ. ಅಮೆರಿಕದಲ್ಲಿ ವರ್ಷಕ್ಕೆ ಲಕ್ಷ ಹೆಂಗಸರಲ್ಲಿ 90ಕ್ಕೂ ಹೆಚ್ಚು ಮಂದಿಗೆ ಈ ಕ್ಯಾನ್ಸರ್ ಬಂದರೆ ಭಾರತದಲ್ಲಿ ಅದು 27ರ ಆಸುಪಾಸು. ಕಾಯಿಲೆ ವಿರಳವಾದಷ್ಟೂ, ಯಾವ ತೊಂದರೆಯೂ ಇಲ್ಲದ ಸಾವಿರಾರು ಜನರ ಚಿತ್ರ ತೆಗೆದಾಗ ಸಿಗುವ ನಿಜವಾದ ಗಡ್ಡೆಗಳಿಗಿಂತ ಸುಳ್ಳು ಗಾಬರಿಗಳೇ ಹೆಚ್ಚಾಗುತ್ತವೆ. ಪಶ್ಚಿಮದ ದೇಶಗಳ ಪ್ರಯೋಗಗಳಲ್ಲಿ ಮ್ಯಾಮೊಗ್ರಫಿ ತಪಾಸಣೆಯಿಂದ ಸಾವು ನೂರಕ್ಕೆ ಇಪ್ಪತ್ತರಷ್ಟು ಇಳಿದದ್ದು ನಿಜ. ಅದರ ಲಾಭ ಸ್ಪಷ್ಟವಾಗಿ ಕಂಡದ್ದು ಐವತ್ತು ದಾಟಿದವರಲ್ಲಿ, ಅದೂ ಚಿತ್ರದ ನಂತರದ ಪ್ರತಿ ಹೆಜ್ಜೆಯೂ ತಯಾರಾಗಿದ್ದ ಕಡೆ.

ಕೈಯಿಂದ ಮಾಡುವ ಪರೀಕ್ಷೆಯನ್ನು ನೆಚ್ಚಬಹುದೇ? ಇದಕ್ಕೆ ಉತ್ತರ ನಮ್ಮ ನೆಲದಲ್ಲೇ ಇದೆ. ಮುಂಬೈನ ಟಾಟಾ ಮೆಮೋರಿಯಲ್ ಆಸ್ಪತ್ರೆಯ ತಜ್ಞರು 1998ರಲ್ಲಿ ಶುರುಮಾಡಿದ ಅಧ್ಯಯನದಲ್ಲಿ 35ರಿಂದ 64 ವಯಸ್ಸಿನ ಒಂದೂವರೆ ಲಕ್ಷ ಹೆಂಗಸರಿದ್ದರು. ಅರ್ಧದಷ್ಟು ಮಂದಿಯನ್ನು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಿದರು. ಎರಡು ದಶಕ ಹಿಂಬಾಲಿಸಿ 2021ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಪರೀಕ್ಷೆಗೆ ಒಳಗಾದ ಗುಂಪಿನಲ್ಲಿ ಮೂರನೇ ನಾಲ್ಕನೇ ಹಂತದಲ್ಲಿ ಪತ್ತೆಯಾದವು ನೂರಕ್ಕೆ 37, ಇನ್ನೊಂದು ಗುಂಪಿನಲ್ಲಿ 47. ಐವತ್ತು ದಾಟಿದವರಲ್ಲಿ ಈ ಕ್ಯಾನ್ಸರಿನ ಸಾವು ನೂರಕ್ಕೆ ಸುಮಾರು ಮೂವತ್ತರಷ್ಟು ಇಳಿಯಿತು. ಅದಕ್ಕಿಂತ ಕಿರಿಯರಲ್ಲಿ ಸಾವಿನ ಇಳಿಕೆ ಕಾಣಲಿಲ್ಲ ಎಂಬುದನ್ನೂ ಹೇಳಲೇಬೇಕು. ಮುಚ್ಚಿಟ್ಟರೆ ವಾದ ಗೆಲ್ಲಬಹುದು, ನಂಬಿಕೆ ಉಳಿಯುವುದಿಲ್ಲ. ಹಾಗೆಯೇ, ಹೆಂಗಸರಿಗೆ ಸ್ವಯಂ ಪರೀಕ್ಷೆ ಕಲಿಸಿಬಿಟ್ಟರೆ ಸಾಕು ಎಂಬ ಮಾತೂ ನಿಲ್ಲುವುದಿಲ್ಲ. ಶಾಂಘೈನಲ್ಲಿ ಎರಡೂವರೆ ಲಕ್ಷಕ್ಕೂ ಹೆಚ್ಚು ಜವಳಿ ಕಾರ್ಮಿಕ ಮಹಿಳೆಯರ ಮೇಲೆ ನಡೆದ ದೊಡ್ಡ ಪ್ರಯೋಗದಲ್ಲಿ ಅದರಿಂದ ಸಾವು ಇಳಿಯಲಿಲ್ಲ. ತನ್ನ ದೇಹದ ಬದಲಾವಣೆ ತನಗೆ ಗೊತ್ತಿರಬೇಕು, ಸರಿ. ಆದರೆ ಗೊತ್ತಾದ ಮೇಲೆ ಹೋಗಲು ಒಂದು ಬಾಗಿಲಿರಬೇಕು.

ಆ ಬಾಗಿಲ ಒಳಗೆ ಏನಾಗಬೇಕು ಎಂಬಲ್ಲಿಯೇ ಹೆಚ್ಚು ತಪ್ಪುಗಳಾಗುತ್ತವೆ. ಎದೆಯ ಗಂಟುಗಳಲ್ಲಿ ಬಹುಪಾಲು ಕ್ಯಾನ್ಸರ್ ಅಲ್ಲ. ಹದಿಹರೆಯದ ಹುಡುಗಿಯರಲ್ಲಿ ಬೆರಳಿಗೆ ಸಿಕ್ಕು ಜಾರುವ ಫೈಬ್ರೊಅಡಿನೋಮ, ನೀರು ತುಂಬಿದ ಚೀಲ, ಬಾಣಂತಿಯರ ಬಾವು, ಅಪರೂಪಕ್ಕೆ ಕ್ಷಯ, ಎಲ್ಲವೂ ಗಂಟಾಗಿಯೇ ಕಾಣುತ್ತವೆ. ಇವನ್ನು ಬೇರ್ಪಡಿಸಲು ವೈದ್ಯಶಾಸ್ತ್ರ ಮೂರು ಸಾಕ್ಷಿಗಳನ್ನು ಕೇಳುತ್ತದೆ: ವೈದ್ಯರ ಕೈ, ಚಿತ್ರ, ಸೂಜಿಯಿಂದ ತೆಗೆದ ತುಣುಕು. ಅಲ್ಟ್ರಾಸೌಂಡಿನಲ್ಲಿ ಗಂಟಿನೊಳಗೆ ಇರುವುದು ನೀರೋ ಗಟ್ಟಿ ಮಾಂಸವೋ ಕೆಲವೇ ನಿಮಿಷಗಳಲ್ಲಿ ತಿಳಿಯುತ್ತದೆ, ವಿಕಿರಣವೂ ಇಲ್ಲ. ಅನುಮಾನ ಉಳಿದರೆ ಸೂಜಿ. ಮೂರೂ ಒಂದೇ ಮಾತು ಹೇಳಿದಾಗ ತೀರ್ಮಾನ ತಪ್ಪುವುದು ತೀರಾ ವಿರಳ. ಆದರೆ ಸೂಜಿ ಚುಚ್ಚಿದರೆ ಗಡ್ಡೆ ಕೆರಳಿ ಮೈಯೆಲ್ಲ ಹರಡುತ್ತದೆ ಎಂಬ ಭಯ ನಮ್ಮಲ್ಲಿ ಆಳವಾಗಿ ಬೇರೂರಿದೆ. ಸೂಜಿ ಪರೀಕ್ಷೆಯಿಂದ ಆಯುಷ್ಯ ಕಡಿಮೆಯಾಗುತ್ತದೆ ಎನ್ನಲು ಯಾವ ಆಧಾರವೂ ಇಲ್ಲ. ನಿಜವಾದ ಅಪಾಯ ಬೇರೆಡೆ ಇದೆ. ಪರೀಕ್ಷೆಯಿಲ್ಲದೆ ಸಣ್ಣ ಆಪರೇಷನ್ನಿನಲ್ಲಿ ಗಂಟನ್ನಷ್ಟೇ ಕಿತ್ತುಹಾಕಿ, ತುಣುಕನ್ನು ಪೆಥಾಲಜಿಗೂ ಕಳಿಸದೆ ಮನೆಗೆ ಕಳಿಸಿದಾಗ, ಅದು ಕ್ಯಾನ್ಸರ್ ಆಗಿದ್ದರೆ ಅಂಚಿನಲ್ಲಿ ಉಳಿದದ್ದು ಮತ್ತೆ ಬೆಳೆಯುತ್ತದೆ. ಗೊತ್ತಾಗುವಷ್ಟರಲ್ಲಿ ಚಿಕಿತ್ಸೆಯ ದಾರಿ ಕಠಿಣವಾಗಿರುತ್ತದೆ. ಎದೆಹಾಲು ಕುಡಿಸುವವಳ ಗಂಟನ್ನು ಹಾಲು ಕಟ್ಟಿದೆ ಎಂದು ತಿಂಗಳುಗಟ್ಟಲೆ ಬಿಡುವುದೂ ಇಂಥದ್ದೇ ತಪ್ಪು.

ಪೇಟೆಯವರಿಗೆ ಯಂತ್ರ, ಹಳ್ಳಿಯವರಿಗೆ ಬರಿಗೈಯೇ ಎಂದು ಕೇಳುವವರಿದ್ದಾರೆ. ನ್ಯಾಯದ ಪ್ರಶ್ನೆ ಅದು. ಗಂಟು ಸಿಕ್ಕವಳಿಗೆ ಮ್ಯಾಮೊಗ್ರಫಿಯೂ ಬೇಕು, ಅಲ್ಟ್ರಾಸೌಂಡೂ ಬೇಕು, ಅದರಲ್ಲಿ ರಾಜಿಯಿಲ್ಲ. ನಾನು ಪ್ರಶ್ನಿಸುತ್ತಿರುವುದು ಗಂಟಿಲ್ಲದ ಸಾವಿರ ಜನರಿಗೆ ಬಸ್ಸಿನಲ್ಲಿ ಚಿತ್ರ ತೆಗೆದು, ಗಂಟಿರುವವಳನ್ನು ಅಲೆಯಲು ಬಿಡುವುದನ್ನು. ಹಾಗಾದರೆ ಅಲ್ಟ್ರಾಸೌಂಡನ್ನೇ ಊರಿಗೆ ಒಯ್ಯಬಾರದೇಕೆ ಎಂದರೆ, ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆಯಂತೆ ಪ್ರತಿ ಯಂತ್ರವೂ ನೋಂದಣಿಯಾಗಿರಬೇಕು, ಅರ್ಹ ವೈದ್ಯರೇ ಬಳಸಬೇಕು. ಹೆಣ್ಣುಮಕ್ಕಳನ್ನು ಉಳಿಸಲೆಂದೇ ಬಂದ ಆ ಕಾಯ್ದೆಯನ್ನು ಸಡಿಲಿಸುವ ಬದಲು ಹೆಂಗಸರನ್ನು ಯಂತ್ರದ ಬಳಿಗೆ ತಲುಪಿಸುವುದೇ ಸರಿ.

ತಲುಪಿಸುವುದು ಅಸಾಧ್ಯವೂ ಅಲ್ಲ. ಗದಗಿನಲ್ಲಿ 2015ರಿಂದ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ವೈದ್ಯಕೀಯ ಕಾಲೇಜು ಎಂದ ಮೇಲೆ ಶಸ್ತ್ರಚಿಕಿತ್ಸೆ, ರೇಡಿಯಾಲಜಿ, ಪೆಥಾಲಜಿ ವಿಭಾಗಗಳು ಅಲ್ಲಿರಲೇಬೇಕು. ಅಂದರೆ ಮೂರೂ ಸಾಕ್ಷಿಗಳಿಗೆ ಬೇಕಾದ ಜನ ಒಂದೇ ಆವರಣದಲ್ಲಿದ್ದಾರೆ. ವಾರದಲ್ಲಿ ಒಂದು ನಿಗದಿತ ದಿನ, ಒಂದು ನಿಗದಿತ ಕೋಣೆ, ಅಲ್ಲೊಬ್ಬ ಮಹಿಳಾ ವೈದ್ಯೆ. ಕೈಪರೀಕ್ಷೆ, ಸ್ಕ್ಯಾನಿಂಗ್, ಬೇಕಾದರೆ ಸೂಜಿ, ಎಲ್ಲವೂ ಅದೇ ದಿನ ಮುಗಿಯಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಹೊಂಬಳದವಳಿಗೂ ಮುಂಡರಗಿಯವಳಿಗೂ ಸರ್ಕಾರಿ ಬಸ್ಸು ಉಚಿತ. ಈಗ ಅವಳಿಗೆ ತಟ್ಟುವ ಖರ್ಚು ಟಿಕೆಟ್ಟಿನದಲ್ಲ, ಕಳೆದುಕೊಳ್ಳುವ ದಿನಗೂಲಿಯದು. ಮೂರು ಪರೀಕ್ಷೆಗೆ ಮೂರು ದಿನ ಕರೆದರೆ ಎರಡನೇ ದಿನವೇ ಬರುವುದು ಬಿಡುತ್ತಾಳೆ. ಕ್ಯಾನ್ಸರ್ ಎಂದು ಖಚಿತವಾದರೆ ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಲ್ಲಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಇನ್ನೆಷ್ಟು ಹೊರೆ ಎಂಬ ಆಕ್ಷೇಪಕ್ಕೆ ತೂಕವಿದೆ. ಎದೆಯಲ್ಲಿ ಗಂಟಿದೆಯೇ, ತೊಟ್ಟಿನಿಂದ ರಕ್ತ ಒಸರುತ್ತದೆಯೇ ಎಂಬ ಪ್ರಶ್ನೆಗಳು ಅವರು ತುಂಬುವ ನಮೂನೆಯಲ್ಲಿ ಈಗಾಗಲೇ ಇವೆ. ಮೂವತ್ತು ದಾಟಿದವರನ್ನು ಐದು ವರ್ಷಕ್ಕೊಮ್ಮೆ ಕೈಯಿಂದ ಪರೀಕ್ಷಿಸಬೇಕೆಂಬ ಕೇಂದ್ರದ ಮಾರ್ಗಸೂಚಿ 2016ರದು. ಆದರೂ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಮ್ಮೆಯಾದರೂ ಸ್ತನ ಪರೀಕ್ಷೆಯಾಗಿದೆ ಎಂದವರು ದೇಶದಲ್ಲಿ ನೂರಕ್ಕೆ ಒಬ್ಬರೂ ಇರಲಿಲ್ಲ. ಪ್ರಶ್ನೆ ಕೇಳುವುದಷ್ಟೇ ಆಶಾ ಕೆಲಸವಾಗಲಿ. ಕೈಪರೀಕ್ಷೆ ಉಪಕೇಂದ್ರದ ಸಿಸ್ಟರ್ ಮತ್ತು ಸಮುದಾಯ ಆರೋಗ್ಯ ಅಧಿಕಾರಿಯದಾಗಲಿ. ಅದಕ್ಕೆ ತರಬೇತಿಯೂ ಭತ್ಯೆಯೂ ಸಿಗಲಿ.

ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಆರಂಭಿಸಿದ ಸ್ತನ ಕ್ಯಾನ್ಸರ್ ಕಾರ್ಯಕ್ರಮದಲ್ಲಿ, ಹೆಂಗಸು ಮೊದಲ ಸಲ ಆರೋಗ್ಯ ಕೇಂದ್ರಕ್ಕೆ ಬಂದ 60 ದಿನದೊಳಗೆ ರೋಗನಿರ್ಣಯ ಮುಗಿಯಬೇಕೆಂದು ಗುರಿಯಿಟ್ಟಿದೆ. ಜಿಲ್ಲೆಯ ಮಾಸಿಕ ಸಭೆಗಳಲ್ಲಿ ಎಷ್ಟು ಜನರ ತಪಾಸಣೆಯಾಯಿತು ಎಂಬ ಅಂಕಿಯ ಪಕ್ಕದಲ್ಲಿ ಇನ್ನೆರಡು ಕಾಲಂ ಬೇಕು: ಗಂಟಿದೆ ಎಂದು ಅವಳು ಹೇಳಿದ ದಿನಾಂಕ, ಪೆಥಾಲಜಿ ವರದಿ ಅವಳ ಕೈಸೇರಿದ ದಿನಾಂಕ. ಅರವತ್ತು ದಿನ ಮೀರಿದ ಪ್ರತಿ ಹೆಸರಿಗೂ, ಶಿರಹಟ್ಟಿಯದಿರಲಿ ಲಕ್ಷ್ಮೇಶ್ವರದ್ದಿರಲಿ, ಆ ವಾರವೇ ಸಿಸ್ಟರ್ ಅವಳ ಮನೆಗೆ ಹೋಗಿ ಬರಬೇಕು.